ಭಟ್ರು ಬದಲಾದ ದಿನ: ಮಾಟುಂಗಾದ ಏಳು ರಗ್ಬಿ ಅಭಿಮಾನಿಗಳ ಪ್ರಕರಣ

2023ರ ಜನವರಿ 16, ಸೋಮವಾರ. ಸಂಕ್ರಾಂತಿಯ ಮರುದಿನ. ಮುಂಬಯಿಯ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲ್. ಗಲ್ಲಾದ ಮೇಲೆ ಹಿಂದಿನ ದಿನದ ಎಳ್ಳುಂಡೆ ಡಬ್ಬಿ ಇನ್ನೂ ಅರ್ಧ ತುಂಬಿತ್ತು. ಇಲ್ಲಿ ಎಳ್ಳುಂಡೆ ಕೈಗಿಟ್ಟು ‘ಗೋಡ್ ಗೋಡ್ ಬೋಲಾ’ ಅನ್ನುತ್ತಾರೆ, ಸಿಹಿಯಾಗಿ ಮಾತಾಡಿ ಅಂತ. ಅವತ್ತು ನಮ್ಮ ಮೂಲೆ ಟೇಬಲಿನಲ್ಲಿ ಉಂಡೆ ಎಲ್ಲರೂ ತಿಂದರು, ಸಿಹಿಯಾಗಿ ಯಾರೂ ಮಾತಾಡಲಿಲ್ಲ.

ಜಗಳಕ್ಕೆ ಕಾರಣ ಬೆಳಿಗ್ಗೆ ಬಂದ ಸುದ್ದಿ. ಆಸ್ಟ್ರೇಲಿಯಾ ತನ್ನ ರಗ್ಬಿ ಕೋಚ್ ಡೇವ್ ರೆನಿಯವರನ್ನು ತೆಗೆದು ಎಡ್ಡಿ ಜೋನ್ಸ್ ಅವರನ್ನು ಕರೆತಂದಿತ್ತು. ವಿಶ್ವಕಪ್‌ಗೆ ಪೂರ್ತಿ ಎಂಟು ತಿಂಗಳೂ ಉಳಿದಿರಲಿಲ್ಲ.

ನಾನು ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಹೇಳಿಕೊಡುತ್ತೇನೆ. ಹೊಸ ಬಾಸ್ ಬಂದಾಗ ಕೆಳಗಿನವರು ಏನಂತಾರೆ ಅನ್ನೋದರ ಮೇಲೆ ಹುಡುಗರಿಂದ ಪ್ರತಿ ವರ್ಷ ಕೇಸ್, ಅಂದರೆ ನಡೆದ ಒಂದು ಘಟನೆಯ ಅಧ್ಯಯನ, ಬರೆಸುತ್ತೇನೆ. ಎಲ್ಲದರಲ್ಲೂ ಒಂದೇ ತೊಂದರೆ. ಎಲ್ಲ ಮುಗಿದ ಮೇಲೆ ಹೋಗಿ ಕೇಳುತ್ತಾರೆ, ‘ನಂಗೆ ಮೊದಲೇ ಗೊತ್ತಿತ್ತು’ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಟೇಬಲಿನ ಕೇಸ್ ಹಾಗಲ್ಲ. ಏಳು ಜನ ಅವತ್ತು ಏನು ಹೇಳಿದರೋ ಅದನ್ನು ಅವತ್ತೇ ಬರೆದಿಟ್ಟೆವು. ಹಳೇ ಬಿಲ್ ಪುಸ್ತಕದ ಹಿಂದುಗಡೆ, ಒಬ್ಬೊಬ್ಬರ ಸಹಿ ಸಮೇತ. ಯಾರ ಮಾತು ಜಾಸ್ತಿ ತಪ್ಪಾಗುತ್ತೋ ಅವರು ಒಂದು ಭಾನುವಾರದ ತಿಂಡಿ ಬಿಲ್ ಕೊಡಬೇಕು ಅನ್ನೋದು ಪಂತ.

ಟೇಬಲಿನಲ್ಲಿ ಇದ್ದವರು

ಕನ್ನಡದವರಿಗೂ ರಗ್ಬಿಗೂ ಎಲ್ಲಿಂದೆಲ್ಲಿಯ ನಂಟು ಅಂತ ಕೇಳಬಹುದು. ನಂಟು ಹಾಕಿದ್ದು ಮಳೆ. ಮುಂಬಯಿಯಲ್ಲಿ ರಗ್ಬಿ ಮಳೆಗಾಲದ ಆಟ. ಕ್ರಿಕೆಟ್ ಪಿಚ್ ಕೆಸರಾದಾಗ ಬಾಂಬೆ ಜಿಮ್ಖಾನಾದ ಮೈದಾನದಲ್ಲಿ ರಗ್ಬಿ ಶುರುವಾಗುತ್ತದೆ. ಹೋಟೆಲಿನ ಧಣಿ ಕುಂದಾಪುರದ ಕಡೆಯವರು. ಹನ್ನೆರಡು ವರ್ಷಕ್ಕೆ ಬಸ್ಸು ಹತ್ತಿ ಬಂದು ಫೋರ್ಟ್ ಕಡೆಯ ಒಂದು ಕ್ಯಾಂಟೀನಿನಲ್ಲಿ ಮಾಣಿಯಾಗಿದ್ದರು. ಹಗಲು ಆಫೀಸುಗಳಿಗೆ ಚಹಾ, ರಾತ್ರಿ ಕನ್ನಡ ರಾತ್ರಿ ಶಾಲೆ. ಆಜಾದ್ ಮೈದಾನದ ಪಕ್ಕ ಹಾಯುವಾಗ ಜಿಮ್ಖಾನಾ ಬೇಲಿಯ ಆಚೆ ಕೆಸರಿನಲ್ಲಿ ಹೊರಳಾಡುವ ದೊಡ್ಡ ಗಂಡಸರನ್ನು ನೋಡಿ ಅವರು ಮೊದಲು ಅಂದುಕೊಂಡಿದ್ದು, ‘ಎಂತ ಮಾರಾಯ, ನಮ್ಮೂರ ಕಂಬಳದ ಗದ್ದೆಯಲ್ಲಿ ಕೋಣದ ಬದಲು ಮನುಷ್ಯರು’ ಅಂತ. ಆ ಹುಚ್ಚು ಬಿಟ್ಟಿಲ್ಲ.

ಎರಡನೆಯವನು ಧಣಿಯ ಮಗ. ಇಲ್ಲೇ ಹುಟ್ಟಿದವನು. ಕನ್ನಡ ಮಾತಾಡಿದರೂ ಲೆಕ್ಕ ಹಾಕುವುದು ಮರಾಠಿಯಲ್ಲಿ. ಮೂರನೆಯವರು ಮೈಸೂರು ಕಡೆಯ ನಿವೃತ್ತ ಬ್ಯಾಂಕ್ ಅಧಿಕಾರಿ. ನಮಗೆಲ್ಲ ಬ್ಯಾಂಕಣ್ಣ. ಅವರ ಅಕ್ಕನ ಮಗ ಸಿಡ್ನಿಯಲ್ಲಿ ಕೆಲಸದಲ್ಲಿದ್ದಾನೆ, ಅವನು ಫೋನಿನಲ್ಲೇ ನಮ್ಮ ನಾಲ್ಕನೆಯ ಸದಸ್ಯ. ಟೇಬಲಿಗೆ ಆಸ್ಟ್ರೇಲಿಯಾ ತಂಡದ ಹುಚ್ಚು ಹಿಡಿಸಿದ್ದೇ ಅವನು ಕಳಿಸಿದ ಹಳದಿ ಜೆರ್ಸಿ. ಐದನೆಯವರು ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್ ಅಕ್ಕ. ಆರನೆಯವರು ಬೆಳಗಾವಿಯ ಪಿ.ಟಿ. ಮೇಷ್ಟ್ರು. ಏಳನೆಯವನು ನಾನು, ಸುಮ್ನೆ ಬರೆದುಕೊಳ್ಳುವವನು.

ಟೇಬಲಿನ ಮೇಲಿದ್ದ ಅಂಕಿ

ರೆನಿ ನ್ಯೂಜಿಲೆಂಡಿನವರು. ಮೂರು ವರ್ಷದಲ್ಲಿ 34 ಟೆಸ್ಟ್ (ರಗ್ಬಿಯಲ್ಲಿ ದೇಶ–ದೇಶಗಳ ನಡುವಿನ ಪಂದ್ಯ) ಆಡಿಸಿ 13 ಗೆಲ್ಲಿಸಿದ್ದರು, ಅಂದರೆ ಶೇಕಡಾ 38. ಹಿಂದಿನ ನವೆಂಬರಿನಲ್ಲಿ ತಂಡ ಮೊದಲ ಸಲ ಇಟಲಿಗೆ ಸೋತಿತ್ತು, ಒಂದೇ ಪಾಯಿಂಟಿನಿಂದ. ಅದೇ ಪ್ರವಾಸದಲ್ಲಿ ಫ್ರಾನ್ಸ್‌ಗೆ ಸೋತದ್ದೂ ಒಂದೇ ಪಾಯಿಂಟಿನಿಂದ, ಸ್ಕಾಟ್ಲೆಂಡನ್ನು ಗೆದ್ದದ್ದೂ ಒಂದೇ ಪಾಯಿಂಟಿನಿಂದ. ಒಂದೆರಡು ಒದೆ ಆಚೀಚೆ ಆಗಿದ್ದರೆ ಕಥೆಯೇ ಬೇರೆ.

ಜೋನ್ಸ್ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದವರು. 2003ರಲ್ಲಿ ಇದೇ ತಂಡವನ್ನು ಸಿಡ್ನಿಯ ವಿಶ್ವಕಪ್ ಫೈನಲ್‌ಗೆ ಒಯ್ದಿದ್ದರು. ಹೆಚ್ಚುವರಿ ಸಮಯದ ಕೊನೇ ಗಳಿಗೆಯಲ್ಲಿ ಜಾನಿ ವಿಲ್ಕಿನ್ಸನ್ ಒದ್ದ ಡ್ರಾಪ್ ಗೋಲಿನಿಂದ (ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಪುಟಿದಾಗ ಕಂಬಗಳ ನಡುವೆ ಒದೆಯುವುದು) ಇಂಗ್ಲೆಂಡ್ 20–17ಕ್ಕೆ ಗೆದ್ದಿತು. 2015ರಲ್ಲಿ ಜಪಾನ್ ದಕ್ಷಿಣ ಆಫ್ರಿಕಾವನ್ನು 34–32ಕ್ಕೆ ಸೋಲಿಸಿ ಜಗತ್ತನ್ನು ಬೆಚ್ಚಿಬೀಳಿಸಿದಾಗ ಕೋಚ್ ಇವರೇ. ಆಮೇಲೆ ಇಂಗ್ಲೆಂಡ್ ಸೇರಿದರು. 81ರಲ್ಲಿ 59 ಗೆಲುವು, ಅಂದರೆ ಶೇಕಡಾ 73, ಜೊತೆಗೆ 2019ರ ವಿಶ್ವಕಪ್ ಫೈನಲ್. ಕೊನೆಗೆ 2022ರ ಡಿಸೆಂಬರಿನಲ್ಲಿ ಅಲ್ಲಿಂದಲೂ ತೆಗೆದರು.

ಇನ್ನೊಂದು ವಿಷಯವನ್ನು ಅವತ್ತು ಯಾರೂ ಜೋರಾಗಿ ಹೇಳಲಿಲ್ಲ. 2005ರಲ್ಲಿ ಇದೇ ಆಸ್ಟ್ರೇಲಿಯಾ ಇದೇ ಜೋನ್ಸ್ ಅವರನ್ನು ಸೋಲಿನ ಮೇಲೆ ಸೋಲು ಬಂತು ಅಂತ ಮನೆಗೆ ಕಳಿಸಿತ್ತು.

ಬಿಲ್ ಪುಸ್ತಕದಲ್ಲಿ ಬರೆದದ್ದು

ಮೊದಲು ಬರೆದವನು ಸಿಡ್ನಿಯ ಹುಡುಗ. ‘ಫೈನಲ್. ನಮ್ಮವನು ಮನೆಗೆ ಬಂದ.’ ಅವನು ಫೋನಿನಲ್ಲಿ ಹೇಳಿದ, ಮಾವ ಬರೆದುಕೊಂಡರು. ಆಫೀಸಿನಲ್ಲಿ ಅವತ್ತು ಹಬ್ಬದ ವಾತಾವರಣ ಅಂದ. ರಗ್ಬಿ ಬಗ್ಗೆ ಮಾತೇ ಆಡದವರೂ ಮಾತಾಡುತ್ತಿದ್ದರಂತೆ.

ಬ್ಯಾಂಕಣ್ಣ ಬರೆದದ್ದು ಬರೀ ಅಂಕಿ: ‘73ರ ಎದುರು 38. ಇನ್ನೇನು ಮಾತು?’ ಮೇಷ್ಟ್ರು ಸೆಮಿಫೈನಲ್ ಅಂದರು, ಶಿಸ್ತು ಬರುತ್ತೆ ಅನ್ನೋದು ಅವರ ಲೆಕ್ಕ. ಧಣಿಯ ಮಗ ದೊಡ್ಡಕ್ಷರದಲ್ಲಿ ‘ಕಪ್ ನಮ್ದೇ’ ಅಂತ ಗೀಚಿದ. ನಾನು ಜಾಣನ ಹಾಗೆ ‘ಕ್ವಾರ್ಟರ್ ಫೈನಲ್ ಅಂತೂ ಖಂಡಿತ’ ಅಂತ ಬರೆದೆ. ಆಸ್ಟ್ರೇಲಿಯಾ ಯಾವತ್ತೂ ಗುಂಪು ಹಂತದಲ್ಲೇ ಹೊರಗೆ ಹೋಗಿರಲಿಲ್ಲ. ಸೋಲಲಾಗದ ಪಂತ ಅಂದುಕೊಂಡಿದ್ದೆ.

ಅಕ್ಕ ಮಾತ್ರ ಕೋಚ್ ಸುದ್ದಿಗೇ ಹೋಗಲಿಲ್ಲ. ‘ಕೋಚ್ ಯಾರರ ಆಗ್ಲಿ. ಸೆಪ್ಟೆಂಬರ್‌ನ್ಯಾಗ ಯಾರ ಕಾಲು ನೆಟ್ಟಗಿರ್ತದ ನೋಡ್ರಿ.’

ಧಣಿ ಕೊನೆಗೆ ಪೆನ್ನು ತೆಗೆದುಕೊಂಡರು. ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಒಂದು ಸಾಲು: ‘ಎಷ್ಟನೇ ಸ್ಥಾನ ಗೊತ್ತಿಲ್ಲ. ಸಾಂಬಾರ್ ಕೆಡುತ್ತದೆ.’

ಎಲ್ಲರೂ ನಕ್ಕೆವು. ಐದು ಜನಕ್ಕೆ ಖುಷಿ, ಒಬ್ಬರದು ಬೇರೆಯೇ ದಾರಿ, ಒಬ್ಬರದು ಸಾಂಬಾರ್.

ಈ ಐದು ಜನರ ಖುಷಿಯ ಬಗ್ಗೆ ಒಂದು ಮಾತು ಹೇಳಬೇಕು. ಬ್ಯಾಂಕಣ್ಣ ಅಂಕಿಯ ಮನುಷ್ಯ ಅಂತ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಎರಡು ತಿಂಗಳ ಹಿಂದೆ, ಅಡಿಲೇಡ್‌ನ ಟಿ20 ವಿಶ್ವಕಪ್ ಸೆಮಿಫೈನಲಿನಲ್ಲಿ ಭಾರತ ಇಂಗ್ಲೆಂಡಿಗೆ ಹತ್ತು ವಿಕೆಟ್‌ಗಳಿಂದ ಸೋತಾಗ ಇಡೀ ದೇಶ ಕೋಚ್ ರಾಹುಲ್ ದ್ರಾವಿಡ್ ಅವರನ್ನು ಬೈಯುತ್ತಿತ್ತು. ಆಗ ಇದೇ ಟೇಬಲಿನಲ್ಲಿ ಇದೇ ಬ್ಯಾಂಕಣ್ಣ, ‘ಬಂದು ಒಂದು ವರ್ಷ ಆಗಿದೆ ಅಷ್ಟೇ, ಟೈಮ್ ಕೊಡ್ಬೇಕಪ್ಪ’ ಅಂದಿದ್ದರು. ನಾನು ಅದನ್ನು ನೆನಪಿಸಿದೆ. ದ್ರಾವಿಡ್‌ಗೆ ಟೈಮ್, ರೆನಿಗೆ ಯಾಕಿಲ್ಲ?

‘ಅದು ಬೇರೆ’ ಅಂದರು.

‘ಏನು ಬೇರೆ?’

‘ದ್ರಾವಿಡ್ ನಮ್ಮವನು ಅಲ್ವಾ!’

ಅಂದಮೇಲೆ ಅವರೇ ನಕ್ಕುಬಿಟ್ಟರು. ಆದರೆ ನನಗೆ ಇಡೀ ಕೇಸಿನ ಎಳೆ ಸಿಕ್ಕಿದ್ದು ಅಲ್ಲೇ. ಸಿಡ್ನಿಯ ಹುಡುಗ ಬರೆದದ್ದೂ ಅದನ್ನೇ, ನಮ್ಮವನು ಮನೆಗೆ ಬಂದ ಅಂತ. ಅಂಕಿ ಆಮೇಲೆ ಬಂತು. ಮನಸ್ಸು ಮೊದಲೇ ತೀರ್ಮಾನ ಮಾಡಿತ್ತು, ಅಂಕಿಯನ್ನು ಸಾಕ್ಷಿಗೆ ಕರೆಸಿಕೊಂಡಿತು. ನಾನೂ ಅಷ್ಟೇ. ರೆನಿ ಹೋದದ್ದಕ್ಕೆ ನನಗೆ ಬೇಜಾರಾಗಲಿಲ್ಲ, ಯಾಕೆಂದರೆ ಅವರ ಮುಖವೇ ನನಗೆ ಸರಿಯಾಗಿ ನೆನಪಿರಲಿಲ್ಲ. ಜೋನ್ಸ್ ಮುಖ ನೆನಪಿತ್ತು.

ಸಾಂಬಾರ್ ಅಂದರೆ ಏನು

ಧಣಿಯ ಸಾಲಿನ ಅರ್ಥ ಆಗಬೇಕಾದರೆ ಅವರ ಅಡುಗೆಮನೆಗೆ ಹೋಗಬೇಕು. ಅದಕ್ಕೆ ಕೆಲವು ವರ್ಷ ಹಿಂದೆ ಅವರೂ ಭಟ್ಟರನ್ನು ಬದಲಾಯಿಸಿದ್ದರು. ಹಳೇ ಭಟ್ಟರು ಕೇರಳದವರು, ಹದಿನಾಲ್ಕು ವರ್ಷದಿಂದ ಇದ್ದವರು. ವ್ಯಾಪಾರ ಸ್ವಲ್ಪ ಇಳಿದಿತ್ತು. ಊರಿನಿಂದ ಒಬ್ಬರು ಸಿಕ್ಕರು, ಕುಂದಾಪುರದವರೇ. ಮದುವೆ ಮನೆಗಳಲ್ಲಿ ಸಾವಿರ ಎಲೆ ಬಡಿಸಿ ಹೆಸರು ಮಾಡಿದವರು. ಧಣಿಗೆ ಎದೆ ತುಂಬಿ ಬಂತು. ನಮ್ಮೂರಿನ ಕೈರುಚಿ, ಇನ್ನೇನು ಬೇಕು? ಹಳಬರಿಗೆ ಒಂದು ವಾರದ ನೋಟಿಸ್ ಕೊಟ್ಟರು.

ಹೊಸ ಭಟ್ಟರ ಅಡುಗೆ ನಿಜಕ್ಕೂ ಚೆನ್ನಾಗಿತ್ತು. ತೆಂಗಿನಕಾಯಿ ಅರೆದು ಹಾಕಿದ ಖಾರದ ಸಾಂಬಾರ್. ಮೊದಲ ವಾರ ನಾವೆಲ್ಲ ಎರಡೆರಡು ಬಟ್ಟಲು ಹಾಕಿಸಿಕೊಂಡು ಕುಡಿದೆವು. ಊರು ನೆನಪಾಯ್ತು ಅಂತ ಹೊಗಳಿದೆವು. ಆದರೆ ಆ ಹೋಟೆಲಿಗೆ ದಿನಾ ಬರುವವರಲ್ಲಿ ನಾವು ಎಷ್ಟು ಜನ? ಸುತ್ತಲಿನ ಗುಜರಾತಿ ಮನೆಗಳವರು ಜಾಸ್ತಿ. ಅವರಿಗೆ ಬೆಲ್ಲ ಬಿದ್ದ ತೆಳು ಸಾಂಬಾರ್ ಬೇಕು. ಹೊಸ ಭಟ್ಟರಿಗೆ ಸಾಂಬಾರಿಗೆ ಅಷ್ಟು ಬೆಲ್ಲ ಹಾಕುವುದು ಅಂದರೆ ಮರ್ಯಾದೆ ಪ್ರಶ್ನೆ.

ಗಿರಾಕಿ ಯಾರೂ ದೂರು ಕೊಡಲಿಲ್ಲ. ‘ಗಲ್ಲಾದಲ್ಲಿ ಕೂತರೆ ಎಂತದೂ ಗೊತ್ತಾಗುವುದಿಲ್ಲ’ ಅನ್ನುತ್ತಾರೆ ಧಣಿ. ‘ಒಂದು ದಿನ ತಟ್ಟೆ ತೊಳೆಯುವಲ್ಲಿ ಹೋಗಿ ನಿಂತೆ. ಬಟ್ಟಲು ಎಲ್ಲ ಅರ್ಧ ಅರ್ಧ ವಾಪಸ್ ಬರ್ತಿತ್ತು. ಇಡ್ಲಿ ಖಾಲಿ, ಸಾಂಬಾರ್ ಹಾಗೇ ಉಂಟು.’

ಬೆಲ್ಲ ಹಾಕಿಸಿದರು. ಆದರೂ ಹಳೇ ರುಚಿ ಬರಲಿಲ್ಲ. ಆಮೇಲೆ ಗೊತ್ತಾಯಿತು, ಹಳೇ ಭಟ್ಟರ ಜೊತೆ ಮಸಾಲೆ ಹುರಿಯುತ್ತಿದ್ದ ಸಹಾಯಕನನ್ನೂ ಹೊಸಬರು ಕಳಿಸಿಬಿಟ್ಟಿದ್ದರು. ಅಳತೆ ಇದ್ದದ್ದು ಅವನ ಕೈಯಲ್ಲಿ. ಎಷ್ಟು ಮೆಂತ್ಯ, ಯಾವ ಬಣ್ಣ ಬಂದಾಗ ಇಳಿಸಬೇಕು, ಎಲ್ಲೂ ಬರೆದಿಟ್ಟಿರಲಿಲ್ಲ. ಎಂಟು ತಿಂಗಳಿಗೆ ಹೊಸ ಭಟ್ಟರೇ ಊರಿಗೆ ಹೋದರು. ಸಿಟ್ಟಿನಿಂದ ಏನಲ್ಲ. ಊರಿನಲ್ಲಿ ಒಳ್ಳೆ ಕೆಲಸ ಸಿಕ್ಕಿತ್ತಂತೆ.

ಹಾಗಾಗಿ ಜನವರಿ 16ರಂದು ಧಣಿ ಜೋನ್ಸ್ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ: ‘ಆ ರೆನಿಯ ಜೊತೆಗಿದ್ದವರು ಇರ್ತಾರಾ, ಹೋಗ್ತಾರಾ?’ ಯಾರಿಗೂ ಗೊತ್ತಿರಲಿಲ್ಲ. ಯಾರೂ ತಿಳಿದುಕೊಳ್ಳುವ ಗೋಜಿಗೂ ಹೋಗಲಿಲ್ಲ.

ಆಮೇಲೆ ಆದದ್ದು

ಬೇಗ ಹೇಳಿ ಮುಗಿಸುತ್ತೇನೆ, ಸೋಲನ್ನು ಎಳೆದು ಹೇಳುವುದರಲ್ಲಿ ಸುಖ ಇಲ್ಲ. ಜುಲೈನಲ್ಲಿ ಪ್ರಿಟೋರಿಯಾದಲ್ಲಿ ದಕ್ಷಿಣ ಆಫ್ರಿಕಾ ಎದುರು 12–43. ಆಮೇಲೆ ಅರ್ಜೆಂಟೀನಾಕ್ಕೆ ಮೂರು ಪಾಯಿಂಟಿನ ಸೋಲು. ನ್ಯೂಜಿಲೆಂಡ್‌ಗೆ ಎರಡು ಸಲ. ಆಗಸ್ಟಿನಲ್ಲಿ ವಿಶ್ವಕಪ್ ತಂಡ ಪ್ರಕಟವಾಯಿತು. 125 ಟೆಸ್ಟ್ ಆಡಿದ ಮೈಕೆಲ್ ಹೂಪರ್ ಇಲ್ಲ, ಕ್ವೇಡ್ ಕೂಪರ್ ಇಲ್ಲ. ಹತ್ತನೇ ನಂಬರಿನ ಜಾಗಕ್ಕೆ, ಅಂದರೆ ಆಟ ನಡೆಸುವ ಜಾಗಕ್ಕೆ, ಕಾರ್ಟರ್ ಗಾರ್ಡನ್ ಅನ್ನುವ ಹೊಸ ಹುಡುಗ. ಧಣಿ ಪಟ್ಟಿ ಓದಿಸಿಕೊಂಡು ‘ಮಸಾಲೆ ಹುರಿಯುವವನನ್ನೂ ಕಳಿಸಿದ್ರು’ ಅಂದರು. ಆಗ ಯಾರೂ ನಗಲಿಲ್ಲ.

ಸೆಪ್ಟೆಂಬರ್ 17, ಭಾನುವಾರ. ಗಣೇಶ ಚೌತಿಗೆ ಎರಡು ದಿನ. ಹೋಟೆಲಿನ ಮುಂದೆ ಚೆಂಡು ಹೂವಿನ ರಾಶಿ. ಮಧ್ಯಾಹ್ನ ಕೊಲಂಬೊದಲ್ಲಿ ಏಷ್ಯಾ ಕಪ್ ಫೈನಲ್ ಇತ್ತು. ಸಿರಾಜ್ ಆರು ವಿಕೆಟ್ ಕಿತ್ತು ಶ್ರೀಲಂಕಾ 50ಕ್ಕೆ ಆಲೌಟ್. ಸಂಜೆಯೊಳಗೆ ಕಪ್ ಬಂತು, ಟಿವಿ ಖಾಲಿಯಾಯಿತು. ರಾತ್ರಿ ಒಂಬತ್ತೂಕಾಲಿಗೆ ಅದೇ ಟಿವಿಯಲ್ಲಿ ಫ್ರಾನ್ಸಿನ ಸೇಂಟ್ ಎಟಿಯೆನ್‌ನಿಂದ ಆಸ್ಟ್ರೇಲಿಯಾ–ಫಿಜಿ. ಕ್ರಿಕೆಟ್ ನೋಡಲು ಬಂದ ನಾಲ್ಕು ಜನ ಸುಮ್ನೆ ಕೂತೇ ಇದ್ದರು.

ಆ ವಾರ ಅಭ್ಯಾಸದಲ್ಲಿ ನಾಯಕ ವಿಲ್ ಸ್ಕೆಲ್ಟನ್‌ಗೆ ಮೀನಖಂಡದ ಪೆಟ್ಟು, ತಾನಿಯೆಲಾ ಟುಪೊಗೆ ತೊಡೆಯ ಹಿಂದಿನ ಸ್ನಾಯು. ಇಬ್ಬರೂ ಆನೆಯಂಥವರು, ಇಬ್ಬರೂ ಇಲ್ಲ. ಅಕ್ಕ ನಮ್ಮೆಲ್ಲರ ಮುಖ ನೋಡಿದರು, ಬಾಯಿ ಬಿಡಲಿಲ್ಲ. ಎರಡನೇ ಅರ್ಧದ ಆರಂಭದಲ್ಲೇ ಮೇಲೆ ಒದ್ದ ಒಂದು ಚೆಂಡನ್ನು ಆಸ್ಟ್ರೇಲಿಯಾದವರು ಹಿಡಿಯದೆ ನೆಲಕ್ಕೆ ಬಿಟ್ಟರು. ಅದು ಪುಟಿದು ಫಿಜಿಯ ಜೋಸುವಾ ಟುಯಿಸೋವಾ ಕೈಗೆ ಬಂತು, ಗೆರೆಯಾಚೆ ನೆಲಕ್ಕೆ ಊರಿದ, ಟ್ರೈ ಆಯಿತು. 22–15. ಫಿಜಿ ಆಸ್ಟ್ರೇಲಿಯಾವನ್ನು ಸೋಲಿಸಿದ್ದು 1954ರ ನಂತರ ಅದೇ ಮೊದಲು. ಕ್ರಿಕೆಟ್‌ಗೆ ಬಂದಿದ್ದ ನಾಲ್ವರು ಎದ್ದುನಿಂತು ಫಿಜಿಗೆ ಚಪ್ಪಾಳೆ ಹೊಡೆದರು. ಅವರಿಗೇನು, ಜೆರ್ಸಿ ಬಂದಿರಲಿಲ್ಲವಲ್ಲ.

ಮುಂದಿನ ಭಾನುವಾರ ನಡುರಾತ್ರಿ ದಾಟಿದ ಮೇಲೆ ವೇಲ್ಸ್ ಎದುರು 6–40. ಅದೇ ದಿನ ಸಿಡ್ನಿಯ ಪತ್ರಿಕೆಯಲ್ಲಿ ಇನ್ನೊಂದು ವರದಿ ಬಂದಿತ್ತು. ವಿಶ್ವಕಪ್‌ಗೆ ಮೊದಲೇ ಜೋನ್ಸ್ ಜಪಾನ್ ಕೋಚ್ ಕೆಲಸಕ್ಕೆ ಮಾತುಕತೆ ನಡೆಸಿದ್ದರು ಅಂತ. ಅವರು ಅಲ್ಲಗಳೆದರು. ಅಕ್ಟೋಬರ್ 8ರಂದು ಪೋರ್ಚುಗಲ್ ಫಿಜಿಯನ್ನು ಒಂದು ಪಾಯಿಂಟಿನಿಂದ ಸೋಲಿಸಿತು. ರಗ್ಬಿಯಲ್ಲಿ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೂ ಒಂದು ಬೋನಸ್ ಪಾಯಿಂಟ್ ಇದೆ. ಆ ಒಂದೇ ಪಾಯಿಂಟಿನಿಂದ ಫಿಜಿ ಮುಂದಕ್ಕೆ ಹೋಯಿತು, ಆಸ್ಟ್ರೇಲಿಯಾ ಮೊದಲ ಸಲ ಗುಂಪಿನಲ್ಲೇ ಉಳಿಯಿತು. ಆ ವರ್ಷ ಜೋನ್ಸ್ ಕೈಕೆಳಗೆ ಒಂಬತ್ತು ಟೆಸ್ಟ್, ಎರಡೇ ಗೆಲುವು. ಅಕ್ಟೋಬರ್ ಕೊನೆಗೆ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಜಪಾನ್ ಕೋಚ್ ಆದರು.

ಧಣಿಯ ಮಗ ಈ ಕೊನೇ ಸುದ್ದಿಯನ್ನು ಓದಿ ಅಪ್ಪನ ಕಡೆ ತಿರುಗಿದ. ‘ಊರಲ್ಲಿ ಒಳ್ಳೆ ಕೆಲಸ ಸಿಕ್ಕಿತಂತೆ.’

ಪುಸ್ತಕ ತೆರೆದಾಗ

ಜಾಸ್ತಿ ತಪ್ಪಿದ್ದು ಧಣಿಯ ಮಗನ ‘ಕಪ್ ನಮ್ದೇ’. ಹಾಗಾಗಿ ಬಿಲ್ ಅವನದು. ಗಲ್ಲಾದಿಂದ ದುಡ್ಡು ತೆಗೆದು ಕೊಟ್ಟ, ಅದು ಗಲ್ಲಾಕ್ಕೇ ಹೋಯಿತು. ಈ ಪಂತದ ನಿಯಮ ಮಾಡಿದವನು ನಾನೇ, ದಡ್ಡತನ ನನ್ನದೇ.

ಧಣಿ ಗೆದ್ದರು ಅಂತ ಎಲ್ಲರೂ ಹೊಗಳಿದೆವು. ಹುಡುಗರಿಗೆ ಪಾಠ ಮಾಡುವಾಗ ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಯಾಕೆಂದರೆ ಹೊತ್ತಲ್ಲದ ಹೊತ್ತಿನಲ್ಲಿ ಕೋಚ್ ಬದಲಾಯಿಸಿದ್ದೇ ತಪ್ಪು ಅನ್ನುವುದಾದರೆ ಇಂಗ್ಲೆಂಡ್ ಏನು ಮಾಡಿತು? ಜೋನ್ಸ್ ಅವರನ್ನು ತೆಗೆದು ಸ್ಟೀವ್ ಬೋರ್ತ್‌ವಿಕ್ ಅವರನ್ನು ತಂದದ್ದು 2022ರ ಡಿಸೆಂಬರಿನಲ್ಲಿ, ಬರೀ ಒಂದು ತಿಂಗಳು ಮುಂಚೆ. ಆಗಸ್ಟಿನಲ್ಲಿ ಅವರೂ ತಮ್ಮ ಟ್ವಿಕೆನ್‌ಹ್ಯಾಮಿನಲ್ಲೇ ಫಿಜಿಗೆ ಸೋತರು. ಅವರ ಅಭಿಮಾನಿಗಳೂ ಬೈದರು. ಆದರೆ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ. ಸೆಮಿಫೈನಲಿನಲ್ಲಿ ದಕ್ಷಿಣ ಆಫ್ರಿಕಾ ಎದುರು ಸೋತದ್ದು ಒಂದೇ ಪಾಯಿಂಟಿನಿಂದ, 15–16.

ಗುಂಪು ಹಗುರವಾಗಿ ಸಿಕ್ಕಿತ್ತು ಅನ್ನೋದು ನಿಜ. ಆದರೆ ಬೋರ್ತ್‌ವಿಕ್ ಹಳಬರನ್ನು ಉಳಿಸಿಕೊಂಡರು. ಓವೆನ್ ಫ್ಯಾರೆಲ್, ಕೋರ್ಟ್ನಿ ಲಾಸ್ ಅಂಥವರ ಮೇಲೇ ತಂಡ ಕಟ್ಟಿದರು. ಭಟ್ಟರು ಬದಲಾದರು, ಮಸಾಲೆಯವನು ಉಳಿದ. ಧಣಿ ಜನವರಿಯಲ್ಲಿ ಕೇಳಿದ ಪ್ರಶ್ನೆ ಸರಿಯಾಗಿತ್ತು, ಬರೆದ ಉತ್ತರ ಅರ್ಧ ಅದೃಷ್ಟ ಅಂತ ನನ್ನ ಲೆಕ್ಕ. ಅವರು ಒಪ್ಪುವುದಿಲ್ಲ. ಅಕ್ಕನಿಗೂ ಅರ್ಧ ಅಂಕ ಕೊಡಬೇಕು. ಸ್ಕೆಲ್ಟನ್, ಟುಪೊ ಇಬ್ಬರೂ ಮೈದಾನದಲ್ಲಿದ್ದಿದ್ದರೆ ಏಳು ಪಾಯಿಂಟ್ ದೊಡ್ಡ ಅಂತರವೇ ಅಲ್ಲ. ಫಿಜಿಯೂ ಹಳೇ ಫಿಜಿ ಆಗಿರಲಿಲ್ಲ. 2022ರಿಂದ ಫಿಜಿಯನ್ ಡ್ರುವಾ ಅನ್ನುವ ಅವರ ಕ್ಲಬ್ ಸೂಪರ್ ರಗ್ಬಿ ಲೀಗಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ದೊಡ್ಡ ತಂಡಗಳ ಜೊತೆ ಆಡುತ್ತಿತ್ತು. ನಾವು ಏಳು ಜನರಲ್ಲಿ ಒಬ್ಬರೂ ಎದುರಾಳಿಯ ಹೆಸರನ್ನೇ ಬರೆದಿರಲಿಲ್ಲ. ನನಗೆ ಜಾಸ್ತಿ ನಾಚಿಕೆ ಆದದ್ದು ಅದಕ್ಕೆ.

ಮೇಷ್ಟ್ರು ಭಾರತದ ಕ್ರಿಕೆಟ್ ಕೋಚ್ ಆಗಿದ್ದ ಗ್ರೆಗ್ ಚಾಪೆಲ್ ಕಥೆ ತೆಗೆದರು. 2005ರಲ್ಲಿ ಎಷ್ಟು ಸಂಭ್ರಮದಿಂದ ಬರಮಾಡಿಕೊಂಡೆವು, 2007ರ ವಿಶ್ವಕಪ್‌ನಲ್ಲಿ ಗುಂಪಿನಲ್ಲೇ ಹೊರಗೆ. ಆಗ ಕ್ಯಾಪ್ಟನ್ ಯಾರು ಅಂತ ಯಾರೋ ಕೇಳಿದರು. ಬ್ಯಾಂಕಣ್ಣ ಕಾಫಿ ತಣ್ಣಗಾಯ್ತು ಅಂತ ಎದ್ದು ಹೋದರು.

2024ರ ಜನವರಿಯಲ್ಲಿ ಆಸ್ಟ್ರೇಲಿಯಾ ಜೋ ಸ್ಮಿಟ್ ಅವರನ್ನು ತಂದಿತು, ಮತ್ತೆ ನ್ಯೂಜಿಲೆಂಡಿನವರು. ಸಿಡ್ನಿಯ ಹುಡುಗನಿಂದ ‘ನೋಡೋಣ’ ಅಂತ ಒಂದೇ ಪದ ಬಂತು. 2025ರ ಏಪ್ರಿಲಿನಲ್ಲಿ ಅವರ ನಂತರ ಲೆಸ್ ಕಿಸ್ ಬರುತ್ತಾರೆ ಅಂತ ಒಂದು ವರ್ಷಕ್ಕೂ ಮುಂಚೆಯೇ ಹೇಳಿಬಿಟ್ಟರು. ಹಳಬರು ಇರುವಾಗಲೇ ಹೊಸಬರಿಗೆ ತಯಾರಿ. ‘ಈಗ ಹೋಟೆಲ್ ನಡೆಸಲು ಕಲಿತ್ರು’ ಅಂದರು ಧಣಿ.

ಅದೇ ವರ್ಷ ಜೂನಿನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಮ್ಮ ಅಂಧೇರಿಗೇ ಬಂತು. ಏಳೇಳು ಜನರ ಆಟ, ಆರು ತಂಡ. ಬೆಂಗಳೂರು ಮತ್ತು ಮುಂಬಯಿ ಆಡುವ ದಿನ ಛತ್ರಿ ಹಿಡಿದು ಎಲ್ಲರೂ ಹೋದೆವು. ಧಣಿ, ಬ್ಯಾಂಕಣ್ಣ, ಅಕ್ಕ ಬೆಂಗಳೂರಿಗೆ ಕೂಗುತ್ತಿದ್ದರು. ಕುಂದಾಪುರಕ್ಕೂ ಹುಬ್ಬಳ್ಳಿಗೂ ಬೆಂಗಳೂರು ಎಷ್ಟು ದೂರ ಅಂತ ಕೇಳಬೇಡಿ. ಧಣಿಯ ಮಗ ಅವರ ಪಕ್ಕದಲ್ಲೇ ನಿಂತು ಮುಂಬಯಿಗೆ ಕೂಗುತ್ತಿದ್ದ, ಗಂಟಲು ಹರಿಯುವ ಹಾಗೆ. ಅಪ್ಪ ಅವನ ತೋಳು ಜಗ್ಗಿ, ‘ಏ, ನಮ್ಮವರು ಆ ಕಡೆ’ ಅಂದರು.

‘ಗೊತ್ತು ಅಪ್ಪ’ ಅಂದ ಅವನು, ಮತ್ತೆ ಮುಂಬಯಿಗೇ ಕೂಗಿದ.